ಊಟದ ತಟ್ಟೆಯಷ್ಟಗಲದ ಟ್ಯಾಬ್

"ಅದನ್ನ ತಗೋಬೇಡ ಅಂತ ಬಾಯಿ ಬಡ್ಕೊಂಡೆ!" ಎನ್ನುತ್ತಲೇ ಗೆಸೀನ ಕೊರ್ಬಿನಿಯನ್‌ನ ಕೆನ್ನೆಗೆ ಬಾರಿಸಿದಳು. ರಕ್ತ ಇಳಿಯುತ್ತಿದ್ದ ಕೆನ್ನೆಗಲ್ಲ, ಇನ್ನೊಂದಕ್ಕೆ. ಅಷ್ಟು ಕರುಣೆ ಅವಳಲ್ಲಿ ಉಳಿದಿತ್ತು.

ಅವನ ಹಿಂದೆ ಗೋಧಿ ಹೊಲದಲ್ಲಿ ಅವನ ಗ್ಲೈಡರ್, ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಪುಟ್ಟ ವಿಮಾನ, ರೆಕ್ಕೆ ಮುರಿದುಕೊಂಡು ಬಿದ್ದಿತ್ತು.

ಹಾರುವಾಗ ನಕ್ಷೆ ನೋಡಲು ಟ್ಯಾಬ್ ಬೇಕೆಂದು ಎರಡು ವಾರ ಅವಳ ತಲೆ ತಿಂದಿದ್ದ. ಅಂಗೈಯಗಲದ್ದು ಸಾಕು, ಹಗುರವಾಗಿರಲಿ, ಸುಡುಬಿಸಿಲಲ್ಲೂ ಕಾಣಲಿ ಎಂದು ಅವಳೇ ಒಂದನ್ನು ಆರಿಸಿಕೊಟ್ಟಿದ್ದಳು. ಮಹಾಶಯ ತಂದದ್ದು ಊಟದ ತಟ್ಟೆಯಷ್ಟಗಲದ್ದು! ಗ್ಲೈಡರಿನ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಯೊಂದಕ್ಕೆ ಅದನ್ನು ಸಿಕ್ಕಿಸಿ ಇವತ್ತು ಹಾರಿದ್ದ.

ಆಲ್ಬ್ ಬೆಟ್ಟದ ಹಿಂಬದಿಯ ಗಾಳಿ ಗ್ಲೈಡರನ್ನು ಎತ್ತಿ ಕುಕ್ಕಿತು. ಟ್ಯಾಬ್ ಕಿತ್ತು ಬಂದು ಅವನ ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು. ಗ್ಲೈಡರ್ ಕ್ಲಬ್ಬಿನ ಮೈದಾನದಲ್ಲಿ ರೇಡಿಯೊ ಹಿಡಿದಿದ್ದ ಗೆಸೀನಳಿಗೆ ಕೇಳಿದ್ದು ಒಂದೇ ಮಾತು: "ಕಣ್ಣು ಕಾಣ್ತಿಲ್ಲ." ಆಮೇಲೆ ಎಷ್ಟು ಕೂಗಿದರೂ ಉತ್ತರವಿಲ್ಲ. ಅವನ ಗ್ಲೈಡರ್ ಕೊನೆಯದಾಗಿ ಕಾಣಿಸಿಕೊಂಡ ಜಾಗವನ್ನು ಕಂಪ್ಯೂಟರಿನಲ್ಲಿ ಹುಡುಕಿ, ಗ್ಲೈಡರ್ ಹೊರುವ ಉದ್ದನೆಯ ಗಾಡಿಯನ್ನು ಕಾರಿಗೆ ಕಟ್ಟಿಕೊಂಡು ಹೊರಟಿದ್ದಳು. ನಲವತ್ತು ಕಿಲೋಮೀಟರ್ ಉದ್ದಕ್ಕೂ ಅವನ ಹೆಣವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬಂದಿದ್ದಳು.

"ಇನ್ನೂ ಎರಡು ಹೊಡಿ," ಎಂದು ಅವನು ನಕ್ಕ. ತುಟಿ ಒಡೆದಿದ್ದರಿಂದ ನಗು ಸೊಟ್ಟಗಾಯಿತು.

"ಹಲ್ಲು ಉದುರಿಸಿಬಿಡ್ತೀನಿ! ಯಾಕೆ ತಗೊಂಡೆ ಅದನ್ನ? ಹೇಳು!"

ಅವನು ಕಾಲಡಿಯ ಗೋಧಿ ತೆನೆಯನ್ನು ನೋಡಿದ. "ಸುತ್ತ ಹಾರೋರೆಲ್ಲ ಅದರಲ್ಲಿ ಕಾಣ್ತಾರೆ ಗೆಸೀನ. ಚಿಕ್ಕದರಲ್ಲಿ ಎಲ್ಲ ಬರೀ ಚುಕ್ಕೆ. ದೊಡ್ಡದರಲ್ಲಿ ಹೆಸರೂ ಓದಬಹುದು. ನೀನು ಎಲ್ಲಿದೀಯ ಅಂತ..."

"ನಾನಿವತ್ತು ನೆಲದ ಮೇಲಿದ್ದೆ ಕಣೋ, ಕತ್ತೆ!"

"ಗೊತ್ತು. ಆದ್ರೂ ಹುಡುಕ್ತಾ ಇದ್ದೆ. ಅದಕ್ಕೇ ಬೆಟ್ಟ ಹತ್ರ ಬಂದಿದ್ದು ನೋಡ್ಲಿಲ್ಲ."

ಅವಳು ಆ ಟ್ಯಾಬನ್ನು ಎತ್ತಿಕೊಂಡು ಗಾಡಿಯ ಕಬ್ಬಿಣಕ್ಕೆ ಬಡಿದಳು. ಒಮ್ಮೆ, ಎರಡು ಸಲ, ಗಾಜು ಚೂರುಚೂರಾಗಿ ಅವಳ ಬೆರಳು ಕೊಯ್ಯುವವರೆಗೆ. ಆಮೇಲೆ ಗೋಧಿಯ ನಡುವೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಹೊಲದಲ್ಲಿ ಇಳಿದವನು ತನ್ನನ್ನು ಕರೆದೊಯ್ಯಲು ಬಂದವರಿಗೆ ಊಟ ಹಾಕಿಸಬೇಕು, ಅದು ಕ್ಲಬ್ಬಿನ ಕಟ್ಟಳೆ. ಕೊರ್ಬಿನಿಯನ್ ಮೆಲ್ಲಗೆ ಪಕ್ಕದಲ್ಲಿ ಕೂತ. "ಹೊಲಿಗೆ ಹಾಕಿಸ್ಕೊಂಡ ಮೇಲೆ ಊಟ ಎಲ್ಲಿ ಬೇಕು?"

"ನಿನ್ನ ಊಟ ಯಾರಿಗೆ ಬೇಕು!"

"ಮತ್ತೇನು ಬೇಕು?"

"ಎರಡು ಸೀಟಿನ ಗ್ಲೈಡರ್. ಮುಂದಿನ ಸೀಟಲ್ಲಿ ನಾನು, ಹಿಂದೆ ನೀನು. ನನ್ನನ್ನೇ ನೋಡ್ಕೊಂಡಿರು, ಎಷ್ಟು ಬೇಕಾದ್ರೂ."

"ಅಂದ್ರೆ?"

"ಅಂದ್ರೆ ನೀನಿಲ್ದೆ ನನಗಾಗಲ್ಲ, ದಡ್ಡ!"

ಅವನ ಕಾಲರ್ ಹಿಡಿದೆಳೆದು ಒಡೆದ ತುಟಿಗೇ ಮುತ್ತಿಟ್ಟಳು. ಅವನು ನೋವಿಗೆ ನರಳಿದ. ಅವಳು ಬಿಡಲಿಲ್ಲ.