ಪುರಸಭೆಯ ಬಾಗಿಲ ಹಿಡಿಕೆ

ಹೈಕೊ ಪುರಸಭೆಯ ಮೆಟ್ಟಿಲು ಗುಡಿಸುತ್ತಿದ್ದ. ತಲೆಯ ಮೇಲೆ ಅಪ್ಪನ ಹಳೇ ಹ್ಯಾಟು, ಮುಖದಲ್ಲಿ ಸಾಕಪ್ಪಾ ಸಾಕು ಎನ್ನುವ ಭಾವ.

ಅಮ್ಮನನ್ನು ನೋಡಲು ಬಂದು ಆಗಷ್ಟೇ ಬಸ್ಸಿಳಿದ ಉಲ್ರಿಕೆ, ಸೂಟ್‌ಕೇಸ್ ಹಿಡಿದು ಅಲ್ಲೇ ನಿಂತುಬಿಟ್ಟಳು.

'ಹಾಗಾದರೆ... ಇವನಿಗಿನ್ನೂ ಮದುವೆಯಾಗಿಲ್ಲ!'

ಆ ಊರಿನಲ್ಲಿ ಮೂವತ್ತು ತುಂಬಿದರೂ ಮದುವೆಯಾಗದ ಗಂಡಸು ಹುಟ್ಟುಹಬ್ಬದ ದಿನ ಈ ಮೆಟ್ಟಿಲು ಗುಡಿಸಬೇಕು. ಮದುವೆಯಾಗದ ಹುಡುಗಿಯೊಬ್ಬಳು ಬಂದು ಮುತ್ತಿಟ್ಟರೆ ಬಿಡುಗಡೆ. ಅಲ್ಲಿಯವರೆಗೆ ಗೆಳೆಯರು ಬಿಯರ್ ಬಾಟಲಿ ಮುಚ್ಚಳಗಳನ್ನು ಸುರಿಯುತ್ತಲೇ ಇರುತ್ತಾರೆ. ಹೆಂಗಸರಿಗಾದರೆ ಬಾಗಿಲ ಹಿಡಿಕೆ ಉಜ್ಜುವ ಶಿಕ್ಷೆ, ಗಂಡಸೊಬ್ಬ ಮುತ್ತಿಡುವ ತನಕ.

ಆದರೆ ಹುಡುಗಿಯರೆಲ್ಲಿ? ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬಿದ್ದ ಮೇಲೆ ಒಬ್ಬೊಬ್ಬರಾಗಿ ಪಶ್ಚಿಮದ ಕಡೆ ಹೋದರು. ಹುಟ್ಟುವ ಕೂಸುಗಳಿಲ್ಲದೆ ಹೆರಿಗೆ ವಾರ್ಡ್ ಮುಚ್ಚಿತು, ಆಮೇಲೆ ಶಾಲೆ. ಸೂಲಗಿತ್ತಿ ಉಲ್ರಿಕೆಯೂ ಕೆಲಸ ಹುಡುಕಿಕೊಂಡು ಹ್ಯಾಂಬರ್ಗಿಗೆ ಹೋದವಳೇ. ಬಾ ಎಂದರೆ ಹೈಕೊ ಬರಲಿಲ್ಲ. ಇರು ಎನ್ನಲೂ ಇಲ್ಲ. ಕಂಡವರ ಮಕ್ಕಳನ್ನು ಎತ್ತಿ ಎತ್ತಿ ಅವಳ ತೋಳುಗಳು ಸೋತಿದ್ದವು. ತನ್ನವರೆನ್ನಲು ಅಲ್ಲಿ ಒಬ್ಬರೂ ಇರಲಿಲ್ಲ.

"ಬೆಳಿಗ್ಗೆಯಿಂದ ಗುಡಿಸ್ತಾನೇ ಇದಾನೆ ಕಣೇ," ಬೆಂಚಿನ ಮೇಲಿದ್ದ ಗೆರ್ಡಾ ಅಜ್ಜಿ ಹೇಳಿದಳು. "ನಾನೇ ಒಂದು ಮುತ್ತು ಕೊಡ್ತೀನಿ ಅಂದೆ. ನೀನು ಮೂರು ಮದುವೆ ಆದೋಳು, ನಡೆಯಲ್ಲ ಅಂದ್ರು!"

ಸುತ್ತ ನಿಂತಿದ್ದ ಗೆಳೆಯರೆಲ್ಲ ನಕ್ಕರು. ಹೈಕೊ ತಲೆಯೆತ್ತಿದ. ಪೊರಕೆ ನಿಂತಿತು.

"ಗಂಡ, ಮಗು ಬರ್ಲಿಲ್ವಾ?"

"ಯಾರ ಗಂಡ?"

"ಸುಮ್ನಿರು ಉಲ್ಲಿ. ಹೋದ ಚಳಿಗಾಲದಲ್ಲಿ ನಿನ್ನ ನೋಡ್ಬೇಕು ಅಂತಾನೇ ಹ್ಯಾಂಬರ್ಗಿಗೆ ಬಂದಿದ್ದೆ. ಆಸ್ಪತ್ರೆ ಗೇಟಲ್ಲಿ ಕಂಡೆ. ಕೈಯಲ್ಲಿ ಕೂಸು, ಪಕ್ಕದಲ್ಲಿ ಒಬ್ಬ. ಹಂಗೇ ವಾಪಸ್ ಬಂದ್ಬಿಟ್ಟೆ."

ಉಲ್ರಿಕೆಗೆ ಅಳುವೂ ಬಂತು, ಸಿಟ್ಟೂ ಬಂತು. ಇವನು ತನ್ನನ್ನು ಮರೆತೇಬಿಟ್ಟ ಎಂದು ನಂಬಿ ಎಷ್ಟು ಅತ್ತಿದ್ದಳು!

"ಅಯ್ಯೋ ಪೆದ್ದ! ಬಾಣಂತಿ ಹಿಂದೆ ನಿಧಾನವಾಗಿ ಬರ್ತಿದ್ಲು. ಕೂಸನ್ನ ಕಾರಿನವರೆಗೂ ತಂದ್ಕೊಡೋದು ನನ್ನ ಕೆಲ್ಸ ಕಣೋ! ಅವನು ಅದರಪ್ಪ! ಒಂದ್ಸಲ ಕೂಗಬಾರ್ದಿತ್ತಾ?"



ಈಗ ಮುತ್ತಿಡುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮುತ್ತಿಡಲಿಲ್ಲ. ಮೆಟ್ಟಿಲು ಹತ್ತಿ, ಅವನನ್ನು ದಾಟಿ, ಕೊರಳಿನ ಸ್ಕಾರ್ಫ್ ಬಿಚ್ಚಿ ಬಾಗಿಲ ಹಿತ್ತಾಳೆ ಹಿಡಿಕೆಯನ್ನು ಉಜ್ಜತೊಡಗಿದಳು.

"ಏನ್ಮಾಡ್ತಿದೀಯ?"

"ನಂಗೂ ಈ ವಸಂತದಲ್ಲಿ ಮೂವತ್ತು ತುಂಬ್ತು. ಹ್ಯಾಂಬರ್ಗಲ್ಲಿ ನನ್ನ ನೋಡಿ ನಗೋಕೂ ಯಾರೂ ಇರ್ಲಿಲ್ಲ." ಅವಳ ಕಣ್ಣು ತುಂಬಿತು. "ಸಾಕಾಗಿದೆ ಹೈಕೊ... ಒಬ್ಳೇ ಇದ್ದು ಇದ್ದು ಸಾಕಾಗಿದೆ."

ಅವನು ಪೊರಕೆ ಬಿಟ್ಟು ಹತ್ತಿರ ಬಂದ.

"ಈ ಊರಲ್ಲಿ ಸೂಲಗಿತ್ತಿಗೆ ಕೆಲ್ಸ ಇಲ್ಲ ಕಣೇ..."

"ಇಲ್ದಿದ್ರೆ ನೀವಿಬ್ರೇ ಕೊಡ್ರೋ!" ಕೆಳಗಿನಿಂದ ಗೆರ್ಡಾ ಅಜ್ಜಿ ಕೂಗಿದಳು.

ಉಲ್ರಿಕೆ ಅಳುತ್ತಲೇ ನಕ್ಕಳು. "ಬೇಗ ಮುತ್ತಿಡೋ. ಕೈ ನೋಯ್ತಿದೆ."

ಅವನು ಮುತ್ತಿಟ್ಟ. ಚಪ್ಪಾಳೆ ಬಿತ್ತು.

"ಭಾನುವಾರದ ಬಸ್ಸಿಗೆ ವಾಪಸ್ಸಾ?" ಹೈಕೊ ಅಂಜುತ್ತಲೇ ಕೇಳಿದ. "ಹೋಗ್ಬೇಡ ಉಲ್ಲಿ... ಅವತ್ತೇ ಹೇಳ್ಬೇಕಿತ್ತು."

ಅವಳು ಅವನ ಎದೆಗೆ ಒರಗಿಕೊಂಡಳು.

"ಮೆಟ್ಟಿಲ ಮೇಲೆ ಇನ್ನೂ ಎಷ್ಟೊಂದು ಕಸ ಇದೆಯಲ್ಲೋ... ಇನ್ನೊಂದು ಪೊರಕೆ ತಾ."