ಮನೆಯಲ್ಲಿ ಕಾಯುವ ಜ್ವರ

ಊಟ ಮುಗಿಸಿ ಬಂದ ಗಾಜಿನ ಕಾರ್ಖಾನೆಯ ಕೆಲಸದವರು ಬಾಗಿಲಲ್ಲೇ ನಿಂತುಬಿಟ್ಟರು. ಕುಲುಮೆಯ ಮುಂದೆ ಗಾಜು ಊದುವವನು ಅಂಗಾತ ಬಿದ್ದಿದ್ದ. ಊದುಕೊಳವೆ ಇನ್ನೂ ಕೈಯಲ್ಲೇ ಇತ್ತು. ಅದರ ತುದಿಯ ಗಾಜಿನ ಬುರುಡೆ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಒಬ್ಬ ಮೂಗಿನ ಬಳಿ ಬೆರಳಿಟ್ಟು ನೋಡಿದ. ಉಸಿರಿಲ್ಲ. ಅಷ್ಟರಲ್ಲಿ ಬುರುಡೆ ಫಟ್ಟೆಂದು ಒಡೆಯಿತು. ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡಿದರು.

ಹೋದ ತಿಂಗಳು ಅದೇ ಕುಲುಮೆಯ ಮುಂದೆ ಇನ್ನೊಬ್ಬ ಸತ್ತಿದ್ದ. ಇಬ್ಬರೂ ಕಲ್ಲು ತಿಂದು ಅರಗಿಸಿಕೊಳ್ಳುವ ವಯಸ್ಸಿನವರು.

"ಕುಲುಮೆಗೆ ಬಲಿ ಬೇಕಂತೆ ಮೇಡಂ," ದಫೇದಾರ ದನಿ ತಗ್ಗಿಸಿದ.

"ನಿನ್ನ ಕಿವೀಲಿ ಹೇಳ್ತಾ?" ಎಂದರು ಇನ್ಸ್‌ಪೆಕ್ಟರಮ್ಮ. ಆದರೂ ಬೂಟಿನಡಿ ಗಾಜು ಕರಕರ ಎಂದಾಗ ಅವರ ಮೈಯೂ ಜುಮ್ಮೆಂದಿತು.

ಸತ್ತವನ ತಾಯಿ ಸೊಸೆಯತ್ತ ಬೆರಳು ತೋರಿಸಿ ಎದೆ ಬಡಿದುಕೊಂಡಳು. "ಇವಳೇ ಊಟದಲ್ಲಿ ಏನೋ ಹಾಕಿ ಕಳಿಸಿದಾಳೆ!"

ಇನ್ಸ್‌ಪೆಕ್ಟರಮ್ಮ ಊಟದ ಡಬ್ಬಿ ನೋಡಿದರು. ಮುಚ್ಚಳವನ್ನೇ ತೆಗೆದಿರಲಿಲ್ಲ. ಪಕ್ಕದಲ್ಲಿ ಚಹಾ ಲೋಟವಿತ್ತು. ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನು ಲ್ಯಾಬಿಗೆ ಕಳಿಸಿದರು.

"ಚಹಾ ಯಾರು ಮಾಡೋದು?"

"ನಮ್ಮ ಮೇಸ್ತ್ರಿ. ಹೊತ್ತುಹೊತ್ತಿಗೆ ತಾವೇ ಕಾಸಿ ಕೊಡ್ತಾರೆ. ಹೆತ್ತ ತಾಯಿ ಹಾಗೆ," ಎಂದರು ಕೆಲಸದವರು.

* * *

ಸತ್ತವನ ಹೆಂಡತಿ ಇನ್ಸ್‌ಪೆಕ್ಟರಮ್ಮನ ಕೈ ಹಿಡಿದುಕೊಂಡಳು.

"ಒಂದು ವಾರದಿಂದ ಮನೇಲಿ ಅವರ ಮೈ ಕಾದ ಹಂಚು, ಮೇಡಂ. ಕೆಲಸಕ್ಕೆ ಹೋದರೆ ಜ್ವರ ಮಾಯ. ರಾತ್ರಿ ಮನೇಲಿ ಮತ್ತೆ ಹಿಡ್ಕೊಳ್ಳೋದು. ನಮ್ಮನೇಲಿ ಏನೋ ಕೂತಿದೆ. ಈಗ ನಮ್ಮ ಜೊತೇಲೇ ಇದ್ದು ಅಲ್ಲೇ ಕೆಲಸ ಮಾಡೋ ನನ್ನ ತಮ್ಮನಿಗೂ ಹಾಗೇ ಆಗ್ತಿದೆ. ನಾಳೆ ಭಾವನ ಜಾಗದಲ್ಲಿ ಅವನೇ ಊದಬೇಕಂತೆ. ಅವನನ್ನಾದ್ರೂ ಉಳಿಸಿಕೊಡಿ!"

ದೆವ್ವ ಎಂದು ನಕ್ಕುಬಿಡಬಹುದಿತ್ತು. ಆದರೆ ಬೆಂಕಿಯ ಮುಂದೆ ಇಳಿದು, ತಣ್ಣನೆಯ ಮನೆಯಲ್ಲಿ ಏರುವ ಜ್ವರ ಎಲ್ಲಾದರೂ ಉಂಟೇ? ಇನ್ಸ್‌ಪೆಕ್ಟರಮ್ಮನಿಗೆ ನಗು ಬರಲಿಲ್ಲ.

ಶವಾಗಾರದ ಡಾಕ್ಟರು ತಲೆಯಾಡಿಸಿದರು. "ವಿಷ ಅಲ್ಲ. ಹೃದಯದ ಸ್ನಾಯು ಊದಿಕೊಂಡಿದೆ. ನೆಗಡಿ-ಜ್ವರ ತರೋ ಕೆಲವು ವೈರಸ್ಸು ಅಪರೂಪಕ್ಕೆ ಹೃದಯಕ್ಕೂ ಇಳೀತವೆ. ಮಲಗಿ ವಿಶ್ರಾಂತಿ ತಗೊಂಡ್ರೆ ಬಹಳ ಜನ ಚೇತರಿಸ್ಕೋತಾರೆ. ಇವನು ದಮ್ಮು ಕಟ್ಟಿ ಊದಿದಾನೆ. ಮೊದಲನೆಯವನದೂ ಇದೇ ಕಥೆ. ಆಗಲೇ ಮೇಸ್ತ್ರಿಗೆ ಹೇಳಿದ್ದೆ, ಜ್ವರ ಬಂದವರನ್ನ ಮನೆಗೆ ಕಳಿಸು, ಒಂದೇ ಕೊಳವೆಗೆ ಎಲ್ಲರ ಬಾಯಿ ಬೇಡ ಅಂತ."

"ಏನಂದ?"

"'ನಮ್ಮಲ್ಲಿ ಯಾರಿಗೂ ಜ್ವರ ಇಲ್ಲ' ಅಂದ."

* * *

ಮರುದಿನ ಕುಲುಮೆ ಭೋರೆನ್ನುತ್ತಿತ್ತು. ಮೇಸ್ತ್ರಿ ಆಳೆತ್ತರದ ಗಾಜಿನ ಗೋಳ ಮಾಡುವ ಹಟ ತೊಟ್ಟಿದ್ದ. ಒಬ್ಬನ ಉಸಿರು ಅದಕ್ಕೆ ಸಾಲದು. ಕೊಳವೆ ಬಾಯಿಂದ ಬಾಯಿಗೆ ದಾಟುತ್ತಲೇ ಇರಬೇಕು. ಒಬ್ಬ ರಜೆ ಹಾಕಿದರೂ ಕೆಲಸ ನಿಂತಂತೆಯೇ.

"ಇಲ್ಲಿ ಯಾರಿಗಾದ್ರೂ ಜ್ವರ ಇದೆಯೇನಯ್ಯ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಎಲ್ಲರೂ ಗುಂಡುಕಲ್ಲು ಇದ್ದ ಹಾಗಿದ್ದಾರೆ, ಮುಟ್ಟಿ ನೋಡಿ!"

ಮೂಲೆಯ ಬೆಂಚಿನಲ್ಲಿ ಆ ತಮ್ಮ ಮುದುರಿ ಕೂತಿದ್ದ. ಇನ್ಸ್‌ಪೆಕ್ಟರಮ್ಮನ ಜೊತೆ ಬಂದಿದ್ದ ಅಕ್ಕ ಅವನ ಹಣೆ ಮುಟ್ಟಿ ಚೀರಿದಳು. "ಅಯ್ಯೋ! ಸುಡ್ತಿದೆ!"

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಕೆಲಸದ ಜಾಗದಲ್ಲಿ ಇವನಿಗೆ ಜ್ವರ ಬಂದಿದ್ದು ಇವತ್ತೇ ಮೊದಲು," ಎಂದರು ಇನ್ಸ್‌ಪೆಕ್ಟರಮ್ಮ. "ಯಾಕೆ ಗೊತ್ತಾ? ಬೆಳಿಗ್ಗೆಯಿಂದ ನಿನ್ನ ಚಹಾ ಮುಟ್ಟಬೇಡ, ಕೊಳವೆ ಹತ್ತಿರ ಹೋಗಬೇಡ ಅಂತ ನಾನೇ ಹೇಳಿದ್ದೆ. ಲ್ಯಾಬಿನವರು ಲೋಟದಲ್ಲಿ ವಿಷ ಹುಡುಕಿದರು. ಸಿಕ್ಕಿದ್ದು ಜ್ವರದ ಮಾತ್ರೆ. ಕಹಿ ಗೊತ್ತಾಗದಿರಲಿ ಅಂತ ಮೇಲೆ ಸಕ್ಕರೆ ಸುರಿದಿದೀಯ. ಹಗಲೆಲ್ಲ ನಿನ್ನ ಚಹಾ ಜ್ವರ ಇಳಿಸೋದು. ಅದು ತೀರಿದ ಮೇಲೆ, ಮನೇಲಿ, ಜ್ವರ ಏರೋದು. ಪಾಪ, ಇವಳು ಮನೇಲಿ ದೆವ್ವ ಹುಡುಕ್ತಿದ್ದಳು."

"ಔಷಧಿ ಕೊಟ್ಟಿದ್ದು ಕೊಲೆನಾ?" ಮೇಸ್ತ್ರಿ ಅರಚಿದ.

"ಒಬ್ಬ ಸತ್ತು, ಡಾಕ್ಟರು ಬಿಡಿಸಿ ಹೇಳಿದ ಮೇಲೂ ಕದ್ದು ಬೆರೆಸಿದೆ. ಜ್ವರ ಕಾವಲುನಾಯಿ ಕಣಯ್ಯ. ಕಳ್ಳ ಒಳಗೆ ಬಂದಾಗ ನೀನು ನಾಯಿಯ ಬಾಯಿ ಕಟ್ಟಿದೆ!"

ಮೇಸ್ತ್ರಿ ಕುಸಿದು ಕೂತ. "ಗೋಳ ಇನ್ನೇನು ಮುಗೀತಿತ್ತು..." ಎಂದು ಗೊಣಗಿದ. ದಫೇದಾರ ಬೇಡಿ ತೊಡಿಸಿದ.

ಆಂಬುಲೆನ್ಸ್ ಬಂತು. ಅದರಲ್ಲಿ ಬಂದ ಡಾಕ್ಟರು ಹುಡುಗನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಸಮಯಕ್ಕೆ ಸಿಕ್ಕಿದಾನೆ. ತಿಂಗಳುಗಟ್ಟಲೆ ಭಾರದ ಕೆಲಸ ಬೇಡ. ಬದುಕ್ತಾನೆ," ಎಂದರು.

ಅಕ್ಕ ಅವನ ಹಣೆಯಿಂದ ಕೈ ತೆಗೆಯಲೇ ಇಲ್ಲ.

"ಸುಡ್ತಿದೆ ಕಣೋ," ಎಂದು ಬಿಕ್ಕಿದಳು. ಆಮೇಲೆ ಅಳುತ್ತಲೇ ನಕ್ಕಳು. "ಸುಡಲಿ ಬಿಡು."