ಮಂಡಿಯ ಪರಿಚಯ

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದಾಗ ಹಿಂದಿನಿಂದ ‘ಟಕ್’ ಎಂದು ಸದ್ದು ಬಂದು ಟೈಲರಮ್ಮ ತಿರುಗಿ ದುರುಗುಟ್ಟಿ ನೋಡಿದಳು. ಈ ವಯಸ್ಸಿನಲ್ಲೂ ಲೊಚಗುಟ್ಟಿ ಹೆಂಗಸರನ್ನು ಕರೆಯುವವರಿದ್ದಾರಲ್ಲ ಎಂದು ಅವಳ ಮೈ ಉರಿದಿತ್ತು. ಕುರ್ಚಿಯಿಂದ ಅರ್ಧ ಎದ್ದಿದ್ದ ನರೆಗೂದಲಿನವ ಕಂಗಾಲಾದ.

“ನಾನಲ್ಲ ಮೇಡಂ. ನನ್ನ ಮಂಡಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳದೂ ಆಪರೇಷನ್ ಮಾಡಿಸಿ ಹಾಕಿಸಿಕೊಂಡ ಕೃತಕ ಮಂಡಿಯೇ. ಅವಳ ಮಂಡಿಯನ್ನು ಹೊಲಿಗೆ ಯಂತ್ರ ತಿಂದಿದ್ದರೆ, ಬಸ್ ಡ್ರೈವರಾಗಿದ್ದ ಆತನದನ್ನು ಕ್ಲಚ್ಚು ತಿಂದಿತ್ತು.

ಆ ಆಸ್ಪತ್ರೆಯಲ್ಲಿ ಇಂಥವರ ಮೇಲೆ ಒಂದು ಅಧ್ಯಯನ ನಡೆಯುತ್ತಿತ್ತು. ಎಕ್ಸ್‌ರೇ ಯಂತ್ರದ ಮುಂದೆ ಮೆಟ್ಟಿಲು ಹತ್ತಿ ಇಳಿಯಬೇಕು. ಮಂಡಿಯೊಳಗಿನ ಲೋಹ ಪ್ಲಾಸ್ಟಿಕ್ಕಿನ ಮೇಲೆ ಎಷ್ಟು ಜಾರುತ್ತದೆ, ಎಷ್ಟು ತಿರುಗುತ್ತದೆ ಎಂದು ಡಾಕ್ಟರಮ್ಮ ಪರದೆಯಲ್ಲಿ ನೋಡುತ್ತಿದ್ದರು. ಒಮ್ಮೆ ಇಬ್ಬರ ಮಂಡಿಗಳನ್ನೂ ಪಕ್ಕಪಕ್ಕದಲ್ಲಿ ತೋರಿಸಿದರು. ಎಲ್ಲರೂ ಮೊದಲು ಮುಖ ನೋಡಿ ಪರಿಚಯವಾಗುತ್ತಾರೆ, ನಮ್ಮದು ನೇರ ಮೂಳೆಯಿಂದಲೇ ಶುರುವಾಯಿತು ಎಂದ ಡ್ರೈವರ್. ಅವಳು ಪರದೆ ನೋಡುವಂತೆ ನಟಿಸುತ್ತ, ನಕ್ಕಾಗ ಅವನ ಕೆನ್ನೆಯಲ್ಲಿ ಬೀಳುವ ಗುಳಿಯನ್ನು ನೋಡಿದಳು.

ಆಮೇಲೆ ಯಾರು ಮೊದಲು ಬಂದರೂ ಇನ್ನೊಬ್ಬರಿಗೆ ಕುರ್ಚಿ ಹಿಡಿದಿಡುವುದು ರೂಢಿಯಾಯಿತು.

ಕೊನೆಯ ಪರೀಕ್ಷೆಗೆ ಬಂದಾಗ ಆತ ಮಂಡಿ ನೀವಿಕೊಳ್ಳುತ್ತ ತನ್ನ ಚಿಂತೆ ಹೇಳಿಕೊಂಡ. ಮೆಟ್ಟಿಲಿಳಿಯುವಾಗ ಕಾಲು ಕುಸಿದಂತಾಗುತ್ತಿತ್ತಂತೆ. ಒಳಗಿನ ಭಾಗ ಸಡಿಲಾಗಿದ್ದರೆ ಮತ್ತೆ ಆಪರೇಷನ್. ಏನೇ ಆಗಲಿ, ಒಂಟಿಯಾಗಿದ್ದದ್ದು ಸಾಕು, ನನ್ನೂರಿಗೆ ಬಂದುಬಿಡು ಎಂದು ಆತನ ಮಗಳು ಕೋಣೆಯನ್ನೂ ಸಿದ್ಧಮಾಡಿದ್ದಳು.

ತನ್ನ ಸರದಿ ಮುಗಿದಿದ್ದರೂ ಟೈಲರಮ್ಮ ಬಾಗಿಲ ಹೊರಗೇ ಕಾದಳು. ಹೊರಬಂದ ಡಾಕ್ಟರಮ್ಮ, ಭಾಗಗಳೆಲ್ಲ ಮೂಳೆಗೆ ಭದ್ರವಾಗಿ ಕೂತಿವೆ, ಅವುಗಳ ನಡುವೆ ಅಷ್ಟು ಜಾರಾಟ ಇರಲೇಬೇಕು, ತೊಡೆಯ ಬಲ ಕಡಿಮೆಯಾಗಿದೆ, ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದರು. ಅವಳ ಎದೆ ಹಗುರಾಯಿತು. ಆತ ಮಾತ್ರ “ಬರ್ತೀನಿ” ಎಂದಷ್ಟೇ ಹೇಳಿ ಹೊರಟ. ಮಗಳ ಊರಿಗಾ ಎಂದು ಅವಳು ಕೇಳುವಷ್ಟರಲ್ಲಿ ಆತ ಬಾಗಿಲು ದಾಟಿದ್ದ.

ಮರುದಿನ ಅವಳು ಅಂಗಿಯೊಂದಕ್ಕೆ ಎರಡೂ ಕಡೆ ಎಡತೋಳನ್ನೇ ಹೊಲಿದಳು. ಜೊತೆಗಿದ್ದ ತಂಗಿ ಅದನ್ನು ಎತ್ತಿ ಹಿಡಿದು, “ಅಕ್ಕಾ, ಹೋಗಿ ಕೇಳ್ಬಿಡು. ಇಲ್ಲಾಂದ್ರೆ ಗಿರಾಕಿಗಳೆಲ್ಲ ಓಡಿಹೋಗ್ತಾರೆ” ಎಂದಳು.

ಆತನೇ ಹಿಂದೊಮ್ಮೆ ಹೇಳಿದ್ದಂತೆ, ಡ್ರೈವರ್ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೇಲ್ಮಹಡಿಯಲ್ಲಿ. ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತಿದಳು. ಬಾಗಿಲು ತೆರೆದಿತ್ತು. ಆತ ಸೂಟ್‌ಕೇಸಿಗೆ ಅಂಗಿಗಳನ್ನು ತುರುಕುತ್ತಿದ್ದ.

“ಮಗಳಿಗೆ ಫೋನ್ ಮಾಡಿ. ಬರಲ್ಲ ಅನ್ನಿ.”

ಆತ ಅವಳನ್ನೇ ನೋಡಿದ. “ಯಾಕೆ ಅಂತ ಕೇಳ್ತಾಳೆ.”

“ಟೈಲರ್ ಒಬ್ಬಳು ಬಿಡ್ತಿಲ್ಲ ಅನ್ನಿ.”

ಕೈಯಲ್ಲಿದ್ದ ಅಂಗಿಯನ್ನು ಆತ ನಿಧಾನವಾಗಿ ಮಂಚದ ಮೇಲಿಟ್ಟ. ಫೋನಿನಲ್ಲಿ ಅದನ್ನೇ, ಅಷ್ಟನ್ನೇ ಹೇಳಿದ. ಆಚೆ ಕಡೆಯಿಂದ ಮಗಳು, ಫೋನನ್ನು ಅವರಿಗೆ ಕೊಡು ಎಂದಳು.

ಟೈಲರಮ್ಮ ಫೋನು ಕಿವಿಗಿಟ್ಟಳು.

“ನಮ್ಮಪ್ಪ ತುಂಬಾ ಹಟಮಾರಿ,” ಎಂದಿತು ನಗು ಬೆರೆತ ದನಿ. “ನಿಮಗೆ ಗೊತ್ತಿರಲಿ.”

“ನಾನೂ ಕಡಿಮೆಯೇನಲ್ಲ ಕಣಮ್ಮ,” ಎಂದಳು ಅವಳು. ಡ್ರೈವರ್ ಆಗಲೇ ಅವಳಿಗೆಂದು ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆಯುತ್ತಿದ್ದ.